ಮಣಿ, ಮಗ್ಗ, ಮರ: ಘಾನಾದ ಕೈಕೆಲಸದ ಊರುಗಳಲ್ಲಿ

ಮಂಗಳವಾರ, ಅಕ್ರಾ

ಅಕ್ಕ, ಭಾವ ಇರುವುದು ಟೆಮಾದಲ್ಲಿ. ಅಕ್ರಾಕ್ಕೆ ಅಂಟಿಕೊಂಡಿರುವ ಬಂದರು ಊರು. ಬಾ ಬಾ ಎಂದು ಅಕ್ಕ ಕರೆಯುತ್ತಲೇ ಇದ್ದಳು. ಕೈಕೆಲಸ ಮಾಡುವವರ ಊರುಗಳಿಗೆ ಕರಕೊಂಡು ಹೋಗುವುದಾದರೆ ಮಾತ್ರ ಬರುತ್ತೇನೆ ಅಂದಿದ್ದೆ. ಹಾಗಾಗಿ ಈ ಸಲ ಬೀಚೂ ಇಲ್ಲ, ಆನೆ ನೋಡುವ ಕಾಡೂ ಇಲ್ಲ.

ಮೊದಲು ಹೋಗಿದ್ದು ಅಕ್ರಾದ ಆರ್ಟ್ಸ್ ಸೆಂಟರಿಗೆ. ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾರ ಸ್ಮಾರಕದಿಂದ ಹೆಚ್ಚು ದೂರವಿಲ್ಲ, ಹಿಂದೆಯೇ ಸಮುದ್ರ. ಒಳಗೆ ಹೆಜ್ಜೆ ಇಟ್ಟರೆ ಸಾಕು, ಎರಡೂ ಕಡೆಯಿಂದ ಕರೆಯುತ್ತಾರೆ. ‘ಸಿಸ್ಟರ್, ಸುಮ್ನೆ ಬಂದು ನೋಡಿ, ನೋಡೋಕೆ ದುಡ್ಡಿಲ್ಲ.’ ಡೋಲು, ಮಣಿಸರ, ಬುಟ್ಟಿ, ಚಪ್ಪಲಿ, ಗೋಡೆ ತುಂಬ ಮರದ ಮುಖವಾಡಗಳು. ಒಂದು ಮುಖವಾಡವನ್ನು ತೋರಿಸಿ ಇದು ನೂರು ವರ್ಷ ಹಳೆಯದು ಎಂದರು. ಹತ್ತಿರದಿಂದ ನೋಡಿದರೆ ಕೆತ್ತಿದ ಸಂದಿಗಳಲ್ಲಿ ಮಣ್ಣು ಮೆತ್ತಿದ್ದು ಗೊತ್ತಾಗುತ್ತಿತ್ತು.

ಒಂದು ವಿಷಯ ಹೇಳಬೇಕು. ದಕ್ಷಿಣ ಘಾನಾದ ಅಶಾಂತಿ ಜನರಲ್ಲಿ ಮುಖವಾಡದ ಸಂಪ್ರದಾಯವೇ ಇಲ್ಲ. ಅವರ ಮರದ ಕೆಲಸವೆಂದರೆ ಪೀಠ, ಗೊಂಬೆ, ಡೋಲು, ದೊರೆಗಳ ಆಸ್ಥಾನದ ಕೋಲುಗಳು. ಇಲ್ಲಿ ಮಾರುವ ಮುಖವಾಡಗಳಲ್ಲಿ ಬಹಳಷ್ಟು ಐವರಿ ಕೋಸ್ಟ್, ಕಾಂಗೋ ಕಡೆಯ ಮಾದರಿ. ಆಫ್ರಿಕಾ ಎಂದರೆ ಮುಖವಾಡ ಎಂದುಕೊಂಡು ಬರುವವರಿಗಾಗಿ ಕೆತ್ತಿದ್ದು. ಕೆತ್ತಿದ ಕೈಗೆ ಅದರಿಂದ ಊಟ ಸಿಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಇದನ್ನು ಯಾರು ಮಾಡಿದರು, ಯಾವ ಊರಲ್ಲಿ, ಯಾತಕ್ಕೆ ಬಳಸುತ್ತಾರೆ ಎಂದು ಕೇಳಿದರೆ ಅಲ್ಲಿ ಉತ್ತರ ಸಿಗಲಿಲ್ಲ. ನನಗೆ ಬೇಕಾಗಿದ್ದು ಆ ಉತ್ತರವೇ.

‘ಇಲ್ಲಿ ಏನೂ ತಗೋಬೇಡ ಕಣೇ, ಮಾಡೋರ ಹತ್ರಾನೇ ಹೋಗೋಣ’ ಎಂದಳು ಅಕ್ಕ.

ಬುಧವಾರ, ಒಡುಮಾಸೆ ಕ್ರೋಬೋ

ಬೆಳಿಗ್ಗೆ ಬೇಗ ಹೊರಟೆವು. ಟೆಮಾ ದಾಟಿದ ಮೇಲೆ ಬಯಲು, ನಡುವೆ ಒಂಟಿ ಗುಡ್ಡಗಳು, ಮಾವಿನ ತೋಟಗಳು. ಕ್ರೋಬೋ ಜನರ ಊರು ಒಡುಮಾಸೆ. ಇಲ್ಲಿ ಗಾಜಿನ ಮಣಿ ಮಾಡುತ್ತಾರೆ. ಕಚ್ಚಾ ಮಾಲು ಯಾವುದು ಗೊತ್ತಾ? ಖಾಲಿ ಬಾಟಲಿ. ಬಿಯರಿನ ಕಂದು ಬಾಟಲಿ, ಹಸಿರು ಬಾಟಲಿ, ಒಡೆದ ಲೋಟ, ಕಿಟಕಿ ಗಾಜು. ಕೆಲಸದ ಚಪ್ಪರದ ಹಿಂದೆ ಬಾಟಲಿಗಳ ರಾಶಿ ಬಣ್ಣಬಣ್ಣವಾಗಿ ಬೇರೆಬೇರೆ ಬಿದ್ದಿತ್ತು.

ಮೊದಲು ಗಾಜನ್ನು ಕಬ್ಬಿಣದ ಒರಳಿನಲ್ಲಿ ಹಾಕಿ ಕುಟ್ಟುತ್ತಾರೆ. ಆಮೇಲೆ ಜರಡಿ ಹಿಡಿಯುತ್ತಾರೆ. ಮತ್ತೆ ಕುಟ್ಟುತ್ತಾರೆ, ಮತ್ತೆ ಜರಡಿ. ಕೊನೆಗೆ ಮೈದಾದಷ್ಟು ನುಣ್ಣಗಿನ ಗಾಜಿನ ಪುಡಿ ಬರುತ್ತದೆ. ಬೇರೆ ಬಣ್ಣ ಬೇಕಿದ್ದರೆ ಪಿಂಗಾಣಿಗೆ ಹಾಕುವ ಬಣ್ಣದ ಪುಡಿಯನ್ನು ಅದಕ್ಕೆ ಬೆರೆಸುತ್ತಾರೆ. ಅಚ್ಚು ಮಣ್ಣಿನದು, ಅದರಲ್ಲಿ ಸಾಲಾಗಿ ಗುಳಿಗಳು. ಗಾಜು ಅಂಟದ ಹಾಗೆ ಗುಳಿಗಳಿಗೆ ಬಿಳಿ ಜೇಡಿಮಣ್ಣಿನ ನೀರು ಬಳಿದಿರುತ್ತಾರೆ.

ನಾನು ತುಂಬಾ ಹೊತ್ತು ನಿಂತು ನೋಡಿದ್ದು ಇದರ ಮುಂದಿನ ಹೆಜ್ಜೆಯನ್ನು. ಮಣಿ ಎಂದ ಮೇಲೆ ತೂತು ಬೇಕಲ್ವಾ? ಅದಕ್ಕೆ ಮರಗೆಣಸಿನ ಎಲೆಯ ತೊಟ್ಟು ಬಳಸುತ್ತಾರೆ. ತೊಟ್ಟನ್ನು ಬೆರಳುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಪ್ರತಿ ಗುಳಿಯ ಮಧ್ಯೆ ನೆಟ್ಟಗೆ ನಿಲ್ಲಿಸುತ್ತಾರೆ. ಸುತ್ತಲೂ ಗಾಜಿನ ಪುಡಿ ಸುರಿಯುತ್ತಾರೆ. ಬೇರೆ ಬಣ್ಣದ ಪಟ್ಟಿ ಬೇಕಿದ್ದರೆ ಒಂದು ಬಣ್ಣದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಒಂದೊಂದೂ ಚಿಟಿಕೆಯಷ್ಟು. ಗೂಡಿನಲ್ಲಿ ಬೆಂದಾಗ ಪುಡಿ ಕರಗಿ ಅಂಟಿಕೊಳ್ಳುತ್ತದೆ, ತೊಟ್ಟು ಸುಟ್ಟು ಬೂದಿಯಾಗುತ್ತದೆ. ತೊಟ್ಟಿದ್ದ ಜಾಗವೇ ತೂತು.

ಗೂಡು ಕಟ್ಟಿರುವುದು ಹುತ್ತದ ಮಣ್ಣಿನಿಂದ. ಅಷ್ಟು ಕಾವಿಗೆ ಬೇರೆ ಮಣ್ಣು ಬಿರಿಯುತ್ತದೆ, ಹುತ್ತದ ಮಣ್ಣು ತಡೆದುಕೊಳ್ಳುತ್ತದೆ. ಬೆಂದ ಅಚ್ಚನ್ನು ಉದ್ದ ಕೋಲಿನಲ್ಲಿ ಎಳೆದರು. ಮಣಿಗಳು ಕೆಂಡದಂತೆ ಹೊಳೆಯುತ್ತಿದ್ದವು. ಕೆಲಸದವರು ಎರಡು ಕಬ್ಬಿಣದ ಸಲಾಕೆ ಹಿಡಿದು, ಒಂದರಿಂದ ಮಣಿಯನ್ನು ಒತ್ತಿ, ಇನ್ನೊಂದರಿಂದ ತೂತಿನಲ್ಲಿ ತಿರುಗಿಸಿ ಆಕಾರ ಕೊಟ್ಟರು. ಒಂದು ಮಣಿಗೆ ಕೆಲವೇ ಸೆಕೆಂಡು. ತಣಿದರೆ ಮುಗಿಯಿತು, ಗಾಜು ಮಾತು ಕೇಳುವುದಿಲ್ಲ.

ಇಷ್ಟಾದರೂ ಮಣಿ ಒರಟಾಗಿಯೇ ಇರುತ್ತದೆ. ತಣಿದ ಮೇಲೆ ಚಪ್ಪಟೆ ಕಲ್ಲಿನ ಮೇಲೆ ಮರಳು, ನೀರು ಹಾಕಿ ಅಂಗೈಯಲ್ಲಿ ಉಜ್ಜುತ್ತಾರೆ. ಈ ಕೆಲಸ ಮಾಡುತ್ತಿದ್ದ ಹೆಂಗಸರ ಪಕ್ಕ ಕೂತು ನಾನೂ ಸ್ವಲ್ಪ ಉಜ್ಜಿದೆ. ಬಿಳಿ ಪೊರೆ ಹೋಗಿ ಹಳದಿ ಮೇಲೆ ಕಪ್ಪು ಗೆರೆ ಕಾಣಿಸಿತು. ಅವರಲ್ಲೊಬ್ಬರು ನನ್ನ ಕೈಯಿಂದ ಮಣಿ ತೆಗೆದುಕೊಂಡು, ಬಿಸಿಲಿಗೆ ಹಿಡಿದು ನೋಡಿ, ಇನ್ನೂ ಉಜ್ಜು ಎಂದು ವಾಪಸ್ ಕೊಟ್ಟರು.

ಇದೆಲ್ಲ ಪ್ರವಾಸಿಗರಿಗಾಗಿ ಎಂದುಕೊಳ್ಳಬೇಡಿ. ಕ್ರೋಬೋ ಹುಡುಗಿಯರು ದೊಡ್ಡವರಾಗುವಾಗ ನಡೆಯುವ ‘ಡಿಪೋ’ ಎಂಬ ಶಾಸ್ತ್ರದಲ್ಲಿ ಸೊಂಟ, ಕೊರಳು, ಮೊಣಕಾಲಿನ ಕೆಳಗೆ, ಎಲ್ಲ ಕಡೆ ಮಣಿಸರ ಹಾಕುತ್ತಾರೆ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದ ಸರಗಳೂ ಅದರಲ್ಲಿರುತ್ತವೆ. ‘ಬೊಡೊಮ್’ ಎಂಬ ದಪ್ಪ ಹಳದಿ ಮಣಿಗೆ ಎಲ್ಲಕ್ಕಿಂತ ಹೆಚ್ಚು ಮರ್ಯಾದೆ. ಹಳೆಯ ಬೊಡೊಮ್ ಇರುವ ಮನೆಯವರು ಅದನ್ನು ಮಾರುವುದಿಲ್ಲ.

ಮಧ್ಯಾಹ್ನ ಅಗೊಮಾನ್ಯ ಸಂತೆ. ಬುಧವಾರ ಮತ್ತು ಶನಿವಾರ ಇಲ್ಲಿ ಮಣಿ ಮಾರುತ್ತಾರೆ. ಟೊಮೆಟೊ, ಒಣಮೀನು, ಮೆಣಸಿನಕಾಯಿಯ ಸಾಲು ದಾಟಿದರೆ ಹೆಂಗಸರು ಮೇಜಿನ ಮೇಲೆ ಸರಗಳನ್ನು ಗೊಂಚಲು ಗೊಂಚಲಾಗಿ ಹರಡಿಕೊಂಡು ಕೂತಿರುತ್ತಾರೆ. ಬೆಲೆಯಲ್ಲಿ ಜಾಸ್ತಿ ಚೌಕಾಸಿ ಮಾಡಲು ನನಗೆ ಮನಸ್ಸಾಗಲಿಲ್ಲ. ಬೆಳಿಗ್ಗೆ ಆ ಕುಟ್ಟುವ ಸದ್ದು ಕೇಳಿದವರಿಗೆ ಯಾರಿಗೂ ಆಗುವುದಿಲ್ಲ.

ಗುರುವಾರ, ಕುಮಾಸಿಯ ದಾರಿ

ದಾರಿಯಲ್ಲೇ ಕೊಫೊರಿಡುವಾ ಸಿಗುತ್ತದೆ. ಅಲ್ಲಿ ಮಣಿ ಸಂತೆ ಗುರುವಾರ. ಹೊಕ್ಕು ಬಂದೆವು. ನೂರಾರು ವರ್ಷಗಳ ಹಿಂದೆ ವ್ಯಾಪಾರದ ಹಡಗುಗಳಲ್ಲಿ ಬಂದ ವೆನಿಸ್ಸಿನ ಮಣಿಗಳೂ ಇಲ್ಲಿ ಕೈ ಬದಲಾಯಿಸುತ್ತವೆ. ಉಳಿದ ದಿನವೆಲ್ಲ ರಸ್ತೆ. ಊಟಕ್ಕೆ ರೆಡ್‌ರೆಡ್: ತಾಳೆ ಎಣ್ಣೆಯಲ್ಲಿ ಬೇಯಿಸಿದ ಅಲಸಂದೆ ಕಾಳು, ಜೊತೆಗೆ ಕರಿದ ಹಣ್ಣುಬಾಳೆ. ಸಸ್ಯಾಹಾರಿಗಳು ಮೀನು ಹಾಕಿಲ್ಲ ಎಂದು ಕೇಳಿಕೊಳ್ಳಬೇಕು. ಕುಮಾಸಿ ಮುಟ್ಟುವಾಗ ಕತ್ತಲಾಗಿತ್ತು.

ಶುಕ್ರವಾರ, ಮನ್ಹಿಯಾ ಅರಮನೆ ಮತ್ತು ಬೊನ್ವಿರೆ

ಕುಮಾಸಿ ಅಶಾಂತಿ ಸಾಮ್ರಾಜ್ಯದ ರಾಜಧಾನಿ. ದೊರೆ ಈಗಲೂ ಇದ್ದಾರೆ. ಎರಡನೆಯ ಒಸೈ ಟುಟು 1999ರಲ್ಲಿ ಪೀಠವೇರಿದವರು. ಅರಮನೆಯ ವಸ್ತುಸಂಗ್ರಹಾಲಯಕ್ಕೆ ನಾನು ಹೋಗಲೇಬೇಕೆಂದಿದ್ದು ಒಂದು ಕಾರಣಕ್ಕೆ. 1874ರಲ್ಲಿ ಬ್ರಿಟಿಷ್ ಸೇನೆ ಕುಮಾಸಿಯನ್ನು ಸುಟ್ಟು ಅರಮನೆಯನ್ನು ಲೂಟಿ ಮಾಡಿತು. ಆಗ ಮತ್ತು ಆಮೇಲಿನ ಯುದ್ಧಗಳಲ್ಲಿ ಹೋದ ಚಿನ್ನದ ಒಡವೆ, ಕತ್ತಿ, ಪದಕಗಳು ಲಂಡನ್ನಿನ ಗಾಜಿನ ಕಪಾಟುಗಳಲ್ಲಿ ಕೂತವು. 2024ರ ಮೇ ತಿಂಗಳಲ್ಲಿ ಬ್ರಿಟಿಷ್ ಮ್ಯೂಸಿಯಂ ಮತ್ತು ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಂಗಳ 32 ವಸ್ತುಗಳನ್ನು ಇಲ್ಲಿ ಪ್ರದರ್ಶನಕ್ಕಿಟ್ಟರು. ಮೂರು ವರ್ಷಕ್ಕೆ, ಎರವಲಾಗಿ. ಅದೇ ವರ್ಷ ಅಮೆರಿಕದ ಲಾಸ್ ಏಂಜಲೀಸ್‌ನ ಫೌಲರ್ ಮ್ಯೂಸಿಯಂ ತನ್ನ ಬಳಿಯಿದ್ದ ಏಳು ವಸ್ತುಗಳನ್ನು ಎರವಲಲ್ಲ, ಕಾಯಂ ಆಗಿ ಮರಳಿಸಿತು. ಅವರದೇ ಮನೆಯ ಒಡವೆಯನ್ನು ಅವರಿಗೇ ಸಾಲ ಕೊಡುವುದು ನನಗೆ ಯಾವ ರೀತಿಯಿಂದ ನೋಡಿದರೂ ಸರಿ ಅನ್ನಿಸಲಿಲ್ಲ. ಫೌಲರ್ ಮಾಡಿದ್ದೇ ಸರಿ.

ಮಧ್ಯಾಹ್ನ ಬೊನ್ವಿರೆ. ಕೆಂಟೆ ಬಟ್ಟೆಯ ಊರು. ಇಬ್ಬರು ಬೇಟೆಗಾರರು ಕಾಡಿನಲ್ಲಿ ಜೇಡ ಬಲೆ ನೇಯುವುದನ್ನು ನೋಡಿ ನೇಯ್ಗೆ ಕಲಿತರಂತೆ. ಆ ಜೇಡ ಅನಾನ್ಸಿ, ಇವರ ಕಥೆಗಳ ಜಾಣ. ಊರಿನ ಹುಡುಗರೆಲ್ಲ ಈ ಕಥೆಯನ್ನು ತಮ್ಮ ಅಜ್ಜನ ಕಥೆ ಎಂಬಂತೆಯೇ ಹೇಳುತ್ತಾರೆ.

ನಾನು ಇಳಕಲ್ ಮಗ್ಗಗಳ ಸದ್ದು ಕೇಳಿ ಬೆಳೆದವಳು. ಹಾಗಾಗಿ ಒಳಗೆ ಹೋದ ಕೂಡಲೇ ಕಣ್ಣು ಹೋಗಿದ್ದು ಅಗಲದ ಕಡೆಗೆ. ಸೀರೆಯ ಮಗ್ಗದ ಅಗಲ ಇಲ್ಲಿಲ್ಲ. ನೇಯುವುದು ಸುಮಾರು ನಾಲ್ಕು ಇಂಚು ಅಗಲದ ಪಟ್ಟಿ, ಅಷ್ಟೇ. ಆ ಪಟ್ಟಿಯನ್ನು ಉದ್ದಕ್ಕೆ ನೇಯ್ದು, ತುಂಡು ಮಾಡಿ, ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಗಂಡಸರು ಹೊದೆಯುವ ದೊಡ್ಡ ಬಟ್ಟೆಗೆ ಇಂಥ ಇಪ್ಪತ್ತಕ್ಕೂ ಹೆಚ್ಚು ಪಟ್ಟಿ ಬೇಕು.

ಹಾಸಿನ ನೂಲು ಮಗ್ಗದಿಂದ ಹೊರಗೆ ಮಾರುಗಟ್ಟಲೆ ಚಾಚಿಕೊಂಡು ನೆಲದ ಮೇಲೆ ಮಲಗಿರುತ್ತದೆ. ಅದರ ತುದಿ ಒಂದು ಹಲಗೆಗೆ ಕಟ್ಟಿ, ಹಲಗೆಯ ಮೇಲೆ ಕಲ್ಲು ಹೇರಿರುತ್ತಾರೆ. ನೇಯುತ್ತಾ ಹೋದ ಹಾಗೆ ಕಲ್ಲು ಇಂಚಿಂಚಾಗಿ ನೇಕಾರನ ಕಡೆಗೆ ಜರುಗುತ್ತದೆ. ತುಳಿಯುವ ಹಲಗೆ ಇಲ್ಲ. ಹಗ್ಗದ ತುದಿಯಲ್ಲಿರುವ ಬಿಲ್ಲೆಯನ್ನು ಕಾಲ್ಬೆರಳ ಸಂದಿಯಲ್ಲಿ ಹಿಡಿದು ಎಳೆಯುತ್ತಾರೆ. ಎರಡು ಜೋಡಿ ಹಗ್ಗ. ಒಂದು ಜೋಡಿ ಎಳೆದರೆ ಹಾಸಿನ ಎಳೆಗಳು ಒಂದು ಬಿಟ್ಟು ಒಂದು ಏಳುತ್ತವೆ, ಸಾದಾ ನೇಯ್ಗೆ ಬರುತ್ತದೆ. ಇನ್ನೊಂದು ಜೋಡಿ ಎಳೆದರೆ ಹಲವು ಎಳೆಗಳು ಗುಂಪಾಗಿ ಏಳುತ್ತವೆ. ಆಗ ಹೊಕ್ಕಿನ ನೂಲು ಹಾಸನ್ನು ಪೂರ್ತಿ ಮುಚ್ಚಿ, ಗಟ್ಟಿ ಬಣ್ಣದ ಚೌಕ ಮೂಡುತ್ತದೆ. ಕೆಂಟೆಯ ಗುಟ್ಟೆಲ್ಲ ಈ ಎರಡರ ಅದಲುಬದಲಿನಲ್ಲಿದೆ. ಮಗ್ಗದಲ್ಲಿ ಕೂತಿದ್ದ ಯುವಕ ಹಳದಿ ಲಾಳಿ, ಕೆಂಪು ಲಾಳಿ, ಹಸಿರು ಲಾಳಿ ಬದಲಿಸುವುದನ್ನು ನೋಡುತ್ತಾ ನಿಂತೆ. ಎದುರಿಗೆ ನಕ್ಷೆ ಇಲ್ಲ, ಕಾಗದ ಇಲ್ಲ. ಎಣಿಕೆಯೆಲ್ಲ ತಲೆಯಲ್ಲಿ. ಈ ಪಟ್ಟಿಯ ಚೌಕ ಪಕ್ಕದ ಪಟ್ಟಿಯ ಚೌಕಕ್ಕೆ ಸರಿಯಾಗಿ ಕೂಡಬೇಕು, ಒಂದು ಎಳೆ ಜಾಸ್ತಿಯಾದರೂ ಹೊಲಿಯುವಾಗ ಗೊತ್ತಾಗುತ್ತದೆ.

ಪ್ರತಿ ವಿನ್ಯಾಸಕ್ಕೂ ಹೆಸರಿದೆ. ಅಧ್ಯಕ್ಷ ಎನ್‌ಕ್ರುಮಾರ ಹೆಂಡತಿ ಫಾತಿಯಾ ಈಜಿಪ್ಟಿನವರು. ಅವರಿಬ್ಬರ ಜೋಡಿ ಚೆನ್ನ ಎಂದು ಒಂದು ಕೆಂಟೆಗೆ ‘ಫಾತಿಯಾ ಫಾಟಾ ಎನ್‌ಕ್ರುಮಾ’ ಎಂದು ಹೆಸರಿಟ್ಟಿದ್ದರು. 1966ರಲ್ಲಿ ಸೇನೆ ಎನ್‌ಕ್ರುಮಾರನ್ನು ಇಳಿಸಿತು. ಬಟ್ಟೆ ಅದೇ ಇತ್ತು, ಹೆಸರು ಬದಲಾಯಿತು: ‘ಒಬ್ಬನೇ ನಾಡನ್ನು ಆಳಲಾರ.’ ಹೆಸರು ಕೇಳದೆ ಕೆಂಟೆ ಕೊಳ್ಳುವುದು ಅರ್ಧ ಬಟ್ಟೆ ಕೊಂಡ ಹಾಗೆ ಎಂದು ನನಗನ್ನಿಸಿದ್ದು ಅಲ್ಲಿಯೇ.

ಘಾನಾದ ಪೂರ್ವಕ್ಕೆ ಎವೆ ಜನರೂ ಕೆಂಟೆ ನೇಯುತ್ತಾರೆ. ಅವರ ಬಟ್ಟೆಯಲ್ಲಿ ಪ್ರಾಣಿ, ಪಾತ್ರೆ, ಮನುಷ್ಯರ ಚಿತ್ರಗಳೂ ಬರುತ್ತವೆ. ಬಾಟಲಿ ಮುಚ್ಚಳಗಳನ್ನು ತಟ್ಟಿ, ತಾಮ್ರದ ತಂತಿಯಿಂದ ಹೊಲಿದು ಗೋಡೆಯಷ್ಟು ದೊಡ್ಡ ಪರದೆ ಮಾಡುವ ಎಲ್ ಅನಾಟ್ಸುಯಿ ಅದೇ ಸೀಮೆಯವರು. 1944ರಲ್ಲಿ ಅನ್ಯಾಕೋದಲ್ಲಿ ಹುಟ್ಟಿ, ಇದೇ ಕುಮಾಸಿಯಲ್ಲಿ ಕಲೆ ಓದಿ, ನೈಜೀರಿಯಾದ ಎನ್ಸುಕ್ಕಾದಲ್ಲಿ ಪಾಠ ಮಾಡಿದವರು. 2015ರಲ್ಲಿ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದ ಜೀವಮಾನದ ಗೋಲ್ಡನ್ ಲಯನ್ ಪ್ರಶಸ್ತಿ ಅವರಿಗೆ ಬಂತು. ಅವರ ಪರದೆಯ ಚಿತ್ರಗಳನ್ನು ಮೊದಲೇ ನೋಡಿದ್ದೆ. ಬೊನ್ವಿರೆಯ ಪಟ್ಟಿಗಳನ್ನು ಮುಟ್ಟಿದ ಮೇಲೆ, ಚೂರು ಚೂರು ಕೂಡಿಸಿ ದೊಡ್ಡದು ಮಾಡುವ ಆ ಬುದ್ಧಿ ಈ ನೆಲದಲ್ಲೇ ಇದೆ ಎಂದು ಕಂಡಿತು.

2024ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಕೆಂಟೆ ನೇಯ್ಗೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನೇಕಾರರಿಗೆ ಸಂತೋಷವಿದೆ. ಆದರೆ ಅವರ ಹೊಟ್ಟೆಗೆ ಹೊಡೆಯುತ್ತಿರುವುದು ಮಿಲ್ಲಿನಲ್ಲಿ ಕೆಂಟೆಯ ಚಿತ್ರ ಅಚ್ಚು ಹಾಕಿದ ಅಗ್ಗದ ಬಟ್ಟೆ. ಗುರುತಿಸುವುದು ಸುಲಭ. ಬಟ್ಟೆ ತಿರುಗಿಸಿ ನೋಡಿ. ಅಚ್ಚಿನದಾದರೆ ಹಿಂದೆ ಬಣ್ಣ ಮಂಕು. ಕೈಮಗ್ಗದ್ದಾದರೆ ಎರಡೂ ಕಡೆ ಚೌಕ ಎದ್ದು ಕಾಣುತ್ತದೆ, ಪಟ್ಟಿ ಪಟ್ಟಿಯ ನಡುವೆ ಹೊಲಿಗೆ ಕೈಗೆ ಸಿಗುತ್ತದೆ. ಪೂರ್ತಿ ಬಟ್ಟೆ ಕೊಳ್ಳಲು ಆಗದಿದ್ದರೆ ಒಂದು ಪಟ್ಟಿ ಕೊಳ್ಳಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಕೊಂಡಿದ್ದು ಫಾತಿಯಾ ಪಟ್ಟಿ.

ಶನಿವಾರ, ಎನ್ಟೊನ್ಸೊ ಮತ್ತು ಅಹ್ವಿಯಾ

ಘಾನಾದಲ್ಲಿ ಶನಿವಾರವೆಂದರೆ ಅಂತ್ಯಕ್ರಿಯೆಯ ದಿನ. ಮಾಂಪಾಂಗ್ ರಸ್ತೆಯ ಉದ್ದಕ್ಕೂ ಕಪ್ಪು, ಕಡುಗೆಂಪು ಬಟ್ಟೆ ಹೊದ್ದವರ ಗುಂಪುಗಳು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ದೊಡ್ಡ ಸ್ಪೀಕರು. ಗಂಡಸರು ಬಲ ಭುಜ ಬಿಟ್ಟು ಬಟ್ಟೆ ಹೊದ್ದಿದ್ದರು. ಹಲವರ ಬಟ್ಟೆಯ ಮೇಲೆ ಕಪ್ಪು ಮುದ್ರೆಗಳು. ಅದೇ ಆಡಿಂಕ್ರಾ. ಅದನ್ನು ಮಾಡುವ ಊರು ಎನ್ಟೊನ್ಸೊ.

ಬಣ್ಣ ಬರುವುದು ಬಾಡಿ ಎಂಬ ಮರದ ತೊಗಟೆಯಿಂದ. ತೊಗಟೆಯನ್ನು ನೆನೆಸಿ, ಒರಳಿನಲ್ಲಿ ಕುಟ್ಟಿ, ಡ್ರಮ್ಮಿನಲ್ಲಿ ಕುದಿಸುತ್ತಾರೆ. ಸೋಸಿ ಮತ್ತೆ ಕುದಿಸುತ್ತಾರೆ. ಮೊದಲು ಚಹಾದ ಬಣ್ಣದ ನೀರು, ಕೊನೆಗೆ ಬೆರಳಿಗೆ ಅಂಟುವ ಕಪ್ಪು ಪಾಕ. ಮುದ್ರೆ ಕೆತ್ತುವುದು ಸೋರೆಬುರುಡೆಯ ಚೂರಿನಲ್ಲಿ. ಬುರುಡೆಗೆ ಸಹಜವಾಗಿಯೇ ಬಾಗು ಇರುವುದರಿಂದ ಮುದ್ರೆಯನ್ನು ಬಟ್ಟೆಯ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳಿಸಿದರೆ ಪೂರ್ತಿ ಚಿತ್ರ ಒತ್ತಿಕೊಳ್ಳುತ್ತದೆ. ಹಿಡಿಕೆಗೆ ಕಡ್ಡಿಗಳನ್ನು ಕಟ್ಟಿರುತ್ತಾರೆ. ಮರದ ಬಾಚಣಿಗೆಯನ್ನು ಬಣ್ಣದಲ್ಲಿ ಅದ್ದಿ ಎಳೆದು ಮೊದಲು ಚೌಕಗಳ ಗೆರೆ ಹಾಕಿಕೊಳ್ಳುತ್ತಾರೆ, ಆಮೇಲೆ ಒಂದೊಂದು ಚೌಕದಲ್ಲಿ ಮುದ್ರೆ.

ಹಿಂದಕ್ಕೆ ಕತ್ತು ತಿರುಗಿಸಿದ ಹಕ್ಕಿ, ಟಗರಿನ ಕೊಂಬು, ಜರೀಗಿಡ, ದೇವರ ಗುರುತು. ಒಂದೊಂದರ ಹಿಂದೆಯೂ ಒಂದು ಗಾದೆಯಿದೆ. ದೇವರ ಗುರುತು ‘ಜೆ ನ್ಯಾಮೆ’ಯನ್ನು ಈ ದೇಶದಲ್ಲಿ ಕಾಣದ ದಿನವಿಲ್ಲ: ಕುರ್ಚಿಯ ಬೆನ್ನಿಗೆ, ಟ್ರೋಟ್ರೋ ವ್ಯಾನಿನ ಗಾಜಿಗೆ, ಅಂಗಡಿ ಬೋರ್ಡಿಗೆ. ಆದರೆ ಕೈಮುದ್ರೆಯ ಬಟ್ಟೆ ಬಿಸಿಲಿಗೆ ಒಣಗಲು ಹರವಿರುವಾಗ ಅದರ ಅಂದವೇ ಬೇರೆ. ಒಂದು ಮುದ್ರೆ ಸ್ವಲ್ಪ ದಟ್ಟ, ಪಕ್ಕದ್ದು ಸ್ವಲ್ಪ ತಿಳಿ. ಕೈ ಎಲ್ಲಿ ಬಣ್ಣ ಅದ್ದಿತು, ಎಲ್ಲಿ ಬಣ್ಣ ತೀರುತ್ತಾ ಬಂತು ಎಂದು ಓದಬಹುದು.

ಈ ಕಲೆ ಬಂದ ಬಗ್ಗೆ ಇಲ್ಲಿ ಹೇಳುವ ಕಥೆ ಹೀಗೆ. ಗ್ಯಾಮನ್ ನಾಡಿನ ದೊರೆ ಆಡಿಂಕ್ರಾ ಅಶಾಂತಿ ದೊರೆಯ ಪೀಠದ ನಕಲು ಮಾಡಿಸಿದ. ಯುದ್ಧವಾಯಿತು, ಅವನು ಸೋತ, ಅವನ ಬಟ್ಟೆ ಕುಶಲಿಗರ ಸಮೇತ ಇತ್ತ ಬಂತು. ಆ ಯುದ್ಧ 1818ರದ್ದು. ಆದರೆ ಬೌಡಿಚ್ ಎಂಬ ಇಂಗ್ಲಿಷರವನು ಕುಮಾಸಿಯಲ್ಲಿ ಸಂಗ್ರಹಿಸಿದ ಆಡಿಂಕ್ರಾ ಬಟ್ಟೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಅದು 1817ರದ್ದು. ಅಂದರೆ ಯುದ್ಧಕ್ಕೂ ಮೊದಲೇ ಈ ಕೆಲಸ ಇಲ್ಲಿ ನಡೆಯುತ್ತಿತ್ತು.

ವಾಪಸ್ ಬರುವಾಗ ಅಹ್ವಿಯಾ. ಇಲ್ಲಿಯದು ಮರದ ಕೆಲಸ. ಒಂದೇ ದಿಮ್ಮಿಯಿಂದ ಪೀಠ ಕೆತ್ತುತ್ತಾರೆ, ಎಲ್ಲೂ ಜೋಡಣೆಯಿಲ್ಲ, ಮೊಳೆಯಿಲ್ಲ. ಬಾಚಿಯಿಂದ ಒರಟು ಆಕಾರ, ಆಮೇಲೆ ಉಳಿ. ಕೂರುವ ಭಾಗ ಮೇಲಕ್ಕೆ ಬಾಗಿದ ಹಲಗೆ, ಕೆಳಗೆ ಚಪ್ಪಟೆ ತಳ, ನಡುವಿನ ಕಂಬದಲ್ಲಿ ವಿನ್ಯಾಸ. ಅಶಾಂತಿಗಳಿಗೆ ಪೀಠವೆಂದರೆ ಅದರಲ್ಲಿ ಕೂರುವವರ ಜೀವವೇ. ಬೇರೆಯವರು ಕೂರಬಾರದೆಂದು, ಬಳಸದಾಗ ಮಗ್ಗುಲಾಗಿ ಮಲಗಿಸಿಡುತ್ತಾರೆ. ಇಡೀ ನಾಡಿನ ಜೀವ ಚಿನ್ನದ ಪೀಠದಲ್ಲಿದೆ, ಅದರ ಮೇಲೆ ದೊರೆಯೂ ಕೂರುವುದಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಬಂದು ಆ ಪೀಠ ತನಗೆ ಕೂರಲು ಕೊಡಿ ಎಂದ. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಯುದ್ಧಕ್ಕೆ ಎದ್ದರು. ಯುದ್ಧ ಸೋತರು, ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗಲಿಲ್ಲ.

ಅಕುವಾಬಾ ಗೊಂಬೆಗಳೂ ಇಲ್ಲಿಯವೇ. ತಟ್ಟೆಯಂಥ ದುಂಡು ತಲೆ, ಉಂಗುರ ಉಂಗುರದ ಕತ್ತು. ಮಕ್ಕಳಿಲ್ಲದ ಅಕುವಾ ಎಂಬವಳಿಗೆ ಮರದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡು ಎಂದು ಪೂಜಾರಿ ಹೇಳಿದನಂತೆ. ಬುಧವಾರ ಹುಟ್ಟಿದ ಹೆಣ್ಣಿಗೆ ಇಲ್ಲಿ ಅಕುವಾ ಎಂದು ಹೆಸರು. ನಾನೂ ಬುಧವಾರದವಳೇ ಎಂದಾಗ ಕೆತ್ತುತ್ತಿದ್ದ ಅಜ್ಜ ಆಮೇಲೆ ನನ್ನನ್ನು ಬೇರೆ ಹೆಸರಿಂದ ಕರೆಯಲೇ ಇಲ್ಲ.

ಭಾನುವಾರ

ಎಲ್ಲರೂ ಚರ್ಚಿಗೆ. ಅಂಗಡಿಗಳೆಲ್ಲ ಬಂದ್. ನಾವು ಟೆಮಾಕ್ಕೆ ವಾಪಸ್.

ಸೋಮವಾರ, ಟೆಶಿ

ಟೆಮಾದಿಂದ ಅಕ್ರಾಕ್ಕೆ ಹೋಗುವ ಕಡಲ ದಾರಿಯಲ್ಲಿ ಟೆಶಿ. ಗಾ ಜನರ ಊರು. ರಸ್ತೆ ಬದಿಯ ಬಡಗಿ ಅಂಗಡಿಯಲ್ಲಿ ಆಳೆತ್ತರದ ಮೀನು, ಕೋಕೋ ಕಾಯಿ, ಒಂದು ವಿಮಾನ. ಎಲ್ಲವೂ ಶವಪೆಟ್ಟಿಗೆಗಳು. ಸತ್ತವರ ಬದುಕು ಏನಾಗಿತ್ತೋ ಅದೇ ಆಕಾರ. ಮೀನುಗಾರನಿಗೆ ಮೀನು, ಕೋಕೋ ಬೆಳೆಗಾರನಿಗೆ ಕೋಕೋ ಕಾಯಿ. ಇದನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಮುಖ್ಯರು ಇದೇ ಊರಿನ ಬಡಗಿ ಕಾನೆ ಕ್ವೈ. ವಿಮಾನ ನೋಡುವುದೆಂದರೆ ಅವರ ಅಜ್ಜಿಗೆ ಇಷ್ಟ, ಹತ್ತಲು ಆಗಲೇ ಇಲ್ಲ. ಅಜ್ಜಿ ತೀರಿಕೊಂಡಾಗ ವಿಮಾನದ ಪೆಟ್ಟಿಗೆ ಮಾಡಿದರು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. 1989ರಲ್ಲಿ ಅವರ ಪೆಟ್ಟಿಗೆಗಳು ಪ್ಯಾರಿಸ್ಸಿನ ಪಾಂಪಿದೂ ಕೇಂದ್ರದ ದೊಡ್ಡ ಪ್ರದರ್ಶನದಲ್ಲಿದ್ದವು.

ನಾವು ಹೋದಾಗ ಒಂದು ಈರುಳ್ಳಿ ತಯಾರಾಗುತ್ತಿತ್ತು. ಜೀವಮಾನವಿಡೀ ಈರುಳ್ಳಿ ಮಾರಿದ ಒಬ್ಬ ತಾಯಿಗೆ. ಹಗುರ ಮರದ ಹಲಗೆಗಳನ್ನು ಬಾಗಿಸಿ ಜೋಡಿಸಿ, ಉಜ್ಜಿ, ಸಂದಿ ತುಂಬಿ, ಬಣ್ಣ ಬಳಿಯುತ್ತಿದ್ದರು. ಆ ತಾಯಿಯ ಮಗಳು ಬಂದಿದ್ದಳು. ಸಿಪ್ಪೆಯ ಬಣ್ಣ ಸರಿ ಬಂದಿಲ್ಲ, ಅಮ್ಮ ಮಾರುತ್ತಿದ್ದ ಈರುಳ್ಳಿ ಇನ್ನೂ ಕೆಂಪು ಎಂದಳು. ಬಡಗಿ ವಾದ ಮಾಡಲಿಲ್ಲ. ಹುಡುಗನನ್ನು ಪಕ್ಕದ ಅಂಗಡಿಗೆ ಕಳಿಸಿ ಒಂದು ಈರುಳ್ಳಿ ತರಿಸಿದರು. ಇಬ್ಬರೂ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೆಂಪು ಡಬ್ಬಿ ತೆರೆದರು.

ಇಷ್ಟು ಶ್ರಮದ ಕೆಲಸ ಶನಿವಾರ ಮಣ್ಣಿಗೆ ಹೋಗುತ್ತದೆ. ನಿಮಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದೆ. ‘ಮಣ್ಣಿಗೆ ಹೋಗಲಿ ಅಂತಾನೇ ಮಾಡೋದು’ ಎಂದರು. ಮ್ಯೂಸಿಯಂಗೆ ಮಾಡಿಕೊಟ್ಟ ಪೆಟ್ಟಿಗೆಗಳಿಗೆ ದುಡ್ಡು ಜಾಸ್ತಿ ಬರುತ್ತದಂತೆ. ಆದರೆ ಬಣ್ಣ ಸರಿಯಿಲ್ಲ ಎಂದು ಹೇಳಲು ಅಲ್ಲಿ ಮಗಳಿರುವುದಿಲ್ಲವಲ್ಲ.

ಹೋಗುವವರಿದ್ದರೆ ವಾರ ನೋಡಿಕೊಂಡು ಹೊರಡಿ. ಅಗೊಮಾನ್ಯಕ್ಕೆ ಬುಧವಾರ ಇಲ್ಲವೇ ಶನಿವಾರ, ಕೊಫೊರಿಡುವಾಕ್ಕೆ ಗುರುವಾರ, ಭಾನುವಾರ ಯಾವ ಊರಿಗೂ ಬೇಡ. ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಕಡ್ಡಾಯ, ಭಾರತಕ್ಕೆ ವಾಪಸ್ ಬರುವಾಗಲೂ ಕೇಳುತ್ತಾರೆ. ಕಾರ್ಡು ಎಲ್ಲ ಕಡೆ ನಡೆಯುವುದಿಲ್ಲ, ಸೆಡಿ ನೋಟುಗಳಿರಲಿ. ಫೋಟೋ ತೆಗೆಯುವ ಮೊದಲು ಕೇಳಿ. ಕೊಳ್ಳುವಾಗ ಬೆಲೆಗಿಂತ ಮೊದಲು ಅದರ ಹೆಸರು ಕೇಳಿ, ಹೇಳಲು ಅವರಿಗೂ ಖುಷಿ.